ಯುನಿವರ್ಸಿಟಿಗೆ ಕೊಟ್ಟ ಬೀಜ

ಯುನಿವರ್ಸಿಟಿ ಎಂಬ ಶಬ್ದ ಕೇಳಿದರೆ ಆಗೆಲ್ಲ ನನಗೆ ಮೈ ಉರಿಯುತ್ತಿತ್ತು. ಕಾರಣ ಸಣ್ಣದು. ಅದು ನನ್ನನ್ನು ಇಂಟರ್ ಪರೀಕ್ಷೆಯಲ್ಲಿ ನಪಾಸು ಮಾಡಿತ್ತು. ಇಂಗ್ಲಿಷ್ ಒಂದರಲ್ಲೇ, ಅದೂ ಕೂದಲೆಳೆಯಷ್ಟರಲ್ಲಿ. ನನ್ನ ಪೇಪರನ್ನು ಯಾರೂ ಓದಿಯೇ ಇಲ್ಲ, ತಾಂಬಾ ಎಂಬ ನಮ್ಮೂರಿನ ಹೆಸರು ಕಂಡು ಕೆಂಪು ಶಾಯಿ ಎಳೆದು ಪಕ್ಕಕ್ಕೆ ಒಗೆದಿದ್ದಾರೆ ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗಿದೆ. ಪೇಪರಿನ ಮೇಲೆ ಊರ ಹೆಸರು ಇರುವುದಿಲ್ಲ, ಬರೀ ನಂಬರು ಇರುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೂ ಊರು ನಂಬಿತು. ನಮ್ಮೂರಿನಲ್ಲಿ ಕೆಟ್ಟ ಸುದ್ದಿ ನಂಬಿಸಲು ಹೆಚ್ಚು ಬೆವರು ಸುರಿಸಬೇಕಾಗಿರಲಿಲ್ಲ.

ಊರನ್ನೂ ಬೈಯುವಂತಿಲ್ಲ. ಸ್ವರಾಜ್ಯ ಬಂದು ಹತ್ತು ವರ್ಷ ದಾಟಿತ್ತು, ಕನ್ನಡದವರೆಲ್ಲ ಒಂದಾಗಿ ಎರಡು ವರ್ಷ ಆಗಿತ್ತು. ನಿನ್ನೆಯವರೆಗೆ ಮುಂಬಯಿಯ ಕಡೆ ಮುಖ ಮಾಡಿದ್ದವರು ಈಗ ಮೈಸೂರಿನ ಕಡೆ ತಿರುಗಿ ಕುಳಿತಿದ್ದೆವು. ಈ ಹತ್ತು ವರ್ಷದಲ್ಲಿ ಕೈಯಲ್ಲಿ ವಹಿ ಹಿಡಿದುಕೊಂಡು ಬಂದವರಿಗೆ ಲೆಕ್ಕವಿಲ್ಲ. ಒಬ್ಬ ಹೊಲ ಅಳೆದ, ಒಬ್ಬ ತಲೆ ಎಣಿಸಿದ, ಒಬ್ಬ ತೋಳಿಗೆ ಸೂಜಿ ಚುಚ್ಚಿದ, ಇನ್ನೊಬ್ಬ ಬಾವಿಯ ನೀರನ್ನು ಶೀಸೆಯಲ್ಲಿ ತುಂಬಿಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಬಂದವರೆಲ್ಲ ನಿಮ್ಮ ಒಳ್ಳೆಯದಕ್ಕೇ ಎನ್ನುತ್ತಿದ್ದರು. ಅಷ್ಟು ಜನ ನಮ್ಮ ಒಳ್ಳೆಯದಕ್ಕೆ ಬೆನ್ನು ಹತ್ತಿದರೆ ಯಾರಿಗಾದರೂ ಅನುಮಾನ ಬರುತ್ತದೆ.

ಇಂಥ ಊರಿಗೆ, ಜೋಳ ಕೊಯ್ಲಿಗೆ ಬಂದ ಒಂದು ಮಾಘ ಮಾಸದಲ್ಲಿ, ಯುನಿವರ್ಸಿಟಿಯಿಂದ ಒಬ್ಬ ಪ್ರೊಫೆಸರು ಬಂದರು. ತೆಳ್ಳಗಿನ ಮನುಷ್ಯ, ಖಾದಿ ಅಂಗಿ, ಧೂಳು ಹಿಡಿದ ಪ್ಯಾಂಟು, ಹೆಗಲಿಗೆ ಒಂದು ಚೀಲ. ಮಾತು ಮೈಸೂರು ಕಡೆಯದು, ಮೆತ್ತಗೆ, ಅವಸರವಿಲ್ಲದೆ. ನಮ್ಮವರ ಕಿವಿಗೆ ಅಷ್ಟು ಮೆತ್ತಗೆ ಮಾತಾಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲೂಕಿನ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದೇನೆ ಎಂದರು. ಊರಿಗೆ ನಾಲ್ಕೈದು ಮನೆಯಿಂದ ಹಿಂಗಾರಿ ಜೋಳದ ತೆನೆ ಬೇಕು. ಮನೆಯಲ್ಲಿ ಬೀಜಕ್ಕೆಂದು ಕಟ್ಟಿಡುವ ತೆನೆಯೇ ಬೇಕು. ಅಷ್ಟೇ.

"ಅಷ್ಟಽ ಏನ್ರಿ?" ಎಂದರು ಗೌಡರು, ಚಾವಡಿಯ ಕಟ್ಟೆಯ ಮೇಲೆ ಕೂತು. "ಹೊಲಾ ಬ್ಯಾಡ, ಮನಿ ಬ್ಯಾಡ, ಬರೇ ಬೀಜ?"

ಪ್ರೊಫೆಸರು ಬಿಡಿಸಿ ಹೇಳಿದರು. "ದೇಶ ಇವತ್ತು ಹಡಗಿನಲ್ಲಿ ಬಂದ ಧಾನ್ಯ ತಿನ್ನುತ್ತಾ ಇದೆ. ನಮ್ಮ ಹೊಲಗಳಲ್ಲಿ ಎಂಥೆಂಥ ಜೋಳ ಇದೆ ಅನ್ನೋದು ನಮಗೇ ಪೂರ್ತಿ ಗೊತ್ತಿಲ್ಲ. ಊರೂರಿನ ಬೀಜ ತಂದು ಬಿತ್ತಿ ನೋಡ್ತೇವೆ, ಕಾಪಾಡಿ ಇಡ್ತೇವೆ, ಕಳೆದುಕೊಂಡವರು ಬಂದು ಕೇಳಿದರೆ ವಾಪಸು ಕೊಡ್ತೇವೆ. ಬರೀ ಡಿಗ್ರಿ ಹಂಚೋದಷ್ಟೇ ಯುನಿವರ್ಸಿಟಿ ಕೆಲಸ ಆದರೆ ಈ ದೇಶ ಎದ್ದು ನಿಲ್ಲೋದು ಯಾವಾಗ?"

ನನಗೆ ತಡೆಯಲಾಗಲಿಲ್ಲ. "ನಪಾಸ್ ಮಾಡೂದೂ ಒಂದ್ ಕೆಲಸ ಐತೆಲ್ರಿ ಸಾಹೇಬ್ರ," ಎಂದೆ.

ಚಾವಡಿ ಘೊಳ್ಳೆಂದು ನಕ್ಕಿತು. ಆ ಮನುಷ್ಯ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಯಾವ ವಿಷಯ ಎಂದು ಕೇಳಿದರು. ಹೇಳಿದೆ. "ಮತ್ತೆ ಕಟ್ಟಿ. ನಾನೊಂದು ಒಳ್ಳೆ ಪುಸ್ತಕ ಕಳಿಸಿಕೊಡ್ತೇನೆ," ಎಂದು ನನ್ನ ವಿಳಾಸ ಬರೆದುಕೊಂಡರು. ವಿಳಾಸ ಯಾಕೆ ಬೇಕಾಯಿತು ಎಂದು ನಾನು ಆ ಇಡೀ ದಿನ ಯೋಚಿಸಿದೆ.

ಅವರು ಮುಂದಿನ ಹಳ್ಳಿಗಳನ್ನು ಮುಗಿಸಿ ಎರಡು ದಿನದ ನಂತರ ತೆನೆ ಒಯ್ಯಲು ಬರುವುದೆಂದಾಯಿತು. ಅವರ ಬೆನ್ನು ಮರೆಯಾದದ್ದೇ ತಡ, ಚಾವಡಿಯಲ್ಲಿ ನಾನೇ ಮುಂದಾಳು. ಇಂಗ್ಲಿಷ್‌ನಲ್ಲಿ ನಪಾಸಾಗಿದ್ದರೂ ಊರಿನಲ್ಲಿ ಇಂಗ್ಲಿಷ್ ಕಲಿತವನು ನಾನೊಬ್ಬನೇ ತಾನೆ. ಬೀಜ ಒಯ್ಯುತ್ತಾರೆ, ಅದಕ್ಕೆ ತಮ್ಮ ಹೆಸರು ಹಚ್ಚುತ್ತಾರೆ, ನಾಳೆ ಮನೆಯ ಬೀಜ ಬಿತ್ತಬಾರದು, ಸರಕಾರದ ಬೀಜವನ್ನೇ ಬಿತ್ತಬೇಕು ಎಂದು ಕಾಯಿದೆ ಮಾಡುತ್ತಾರೆ ಎಂದೆ. ಇದನ್ನು ನಾನು ಎಲ್ಲಿಯೂ ಓದಿರಲಿಲ್ಲ, ಹೇಳುತ್ತ ಹೇಳುತ್ತ ನನಗೇ ಹೊಳೆದದ್ದು. ಹೇಳಿ ಮುಗಿಸುವಷ್ಟರಲ್ಲಿ ನಾನೂ ಪೂರ್ತಿ ನಂಬಿದ್ದೆ.

ಊರು ತನ್ನ ಜಾಣತನ ತೋರಿಸಿತು. ಒಬ್ಬರು ಕಾಡಿಗೆ ರೋಗ ಬಡಿದ ತೆನೆ ಆರಿಸಿದರು, ಇನ್ನೊಬ್ಬರು ಗುಬ್ಬಿ ತಿಂದು ಬಿಟ್ಟದ್ದನ್ನು ತೆಗೆದಿಟ್ಟರು. ಗೌಡರಂತೂ ತಮ್ಮ ಹೊಲ ಬಿಟ್ಟು ಪಕ್ಕದವರ ಹೊಲದ ತೆನೆ ಮುರಿಸಿ ತರಿಸಿದರು. ನಾನು ಮೀಸೆ ತಿರುವಿಕೊಂಡು ಮನೆಗೆ ಬಂದರೆ ಅವ್ವ ಅಡುಗೆಮನೆಯ ಜಂತಿಗೆ ಏಣಿ ಹಚ್ಚುತ್ತಿದ್ದಳು.

ಅಲ್ಲಿ ನಮ್ಮ ಬೀಜದ ತೆನೆಗಳಿದ್ದವು. ಅವ್ವ ಅಗರಖೇಡದಿಂದ ಮದುವೆಯಾಗಿ ಬರುವಾಗ ಅಜ್ಜಿ ಉಡಿಯಲ್ಲಿ ಕಟ್ಟಿ ಕಳಿಸಿದ ಬೀಜ ಅದು. ದುಂಡನೆಯ ಬಿಳಿ ಕಾಳು, ಬಿಗಿಯಾದ ತೆನೆ. ಆ ಹಿಟ್ಟಿನ ರೊಟ್ಟಿ ಎರಡು ದಿನ ಬಿಟ್ಟರೂ ಮೆತ್ತಗೇ ಇರುತ್ತಿತ್ತು. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಹೊಲದ ಉಳಿದ ಕೆಲಸವೆಲ್ಲ ಅಪ್ಪನ ತಮ್ಮ ಕಾಕಾನದು, ಬೀಜ ಮಾತ್ರ ಅವ್ವನದು. ಕೊಯ್ಲಿಗೆ ಮೊದಲು ಒಂದು ಮುಂಜಾನೆ ಮೈ ತೊಳೆದುಕೊಂಡು ಒಬ್ಬಳೇ ಹೊಲಕ್ಕೆ ಹೋಗಿ, ಒಂದೊಂದು ತೆನೆಯನ್ನೂ ಬೆರಳಲ್ಲಿ ಒತ್ತಿ ನೋಡಿ ಆರಿಸುತ್ತಿದ್ದಳು. ಬೇರೆಯವರ ಕೈ ತಾಗಗೊಡುತ್ತಿರಲಿಲ್ಲ. ಆ ಬೀಜವನ್ನು ಎಂದೂ ಮಾರಿದವಳಲ್ಲ. ಯಾರಾದರೂ ಕೇಳಿದರೆ ಕೊಡುತ್ತಿದ್ದಳು, ಆದರೆ ಬರಿಗೈಗೆ ಹಾಕುತ್ತಿರಲಿಲ್ಲ. ಕೇಳಿದವರು ಸೆರಗನ್ನೋ ಧೋತರದ ಚುಂಗನ್ನೋ ಒಡ್ಡಬೇಕು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುವ ಹಾಗೆ ಇವಳು ತುಂಬಬೇಕು.

"ಅವ್ವಾ, ಅವರಿಗೆ ಅದನ್ಯಾಕ ತೆಗಿತಿ? ಕಣದಾಗ ಬಿದ್ದಿದ್ ಯಾವುದರೆ ಕೊಟ್ರ ಸಾಕು," ಎಂದೆ.

"ಬೀಜ ಬೇಕಂದಾರ, ಬೀಜ ಕೊಡಬೇಕು."

"ಒಯ್ದು ಏನ್ ಮಾಡ್ತಾರೋ ಯಾರಿಗ್ಗೊತ್ತು!"

"ಬಿತ್ತತಾರ. ಬೀಜ ಒಯ್ದವ್ರು ಮತ್ತೇನ್ ಮಾಡ್ತಾರೋ ತಮ್ಮಾ?" ಎಂದಳು ಅವ್ವ. ಅಷ್ಟು ಸರಳ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಅವಳು ಐದು ತೆನೆಗಳನ್ನು ಆರಿಸಿ, ಒಗೆದ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ನಾನು ಆ ಗಂಟನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಬಚ್ಚಲ ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು. ತೆನೆಗಳ ದಂಟು ಹಿಡಿದು ಐದನ್ನೂ ಅದರಲ್ಲಿ ಮುಳುಗಿಸಿದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನಾಲ್ಕು ರೊಟ್ಟಿ ಆಗುವವರೆಗೂ ಕೈ ಎತ್ತಲಿಲ್ಲ. ಆಮೇಲೆ ಮಾಳಿಗೆಯ ಮೇಲೆ ಒಯ್ದು ಬಿಸಿಲಿಗೆ ಹರವಿದೆ. ಮಾಘದ ಒಣ ಬಿಸಿಲು, ಇಳಿಹೊತ್ತಿಗೆ ಎಲ್ಲ ಗರಿಗರಿಯಾಯಿತು. ಕಾಳಿನ ಹೊಳಪು ಸ್ವಲ್ಪ ಕಂದಿತ್ತು, ಅಷ್ಟೇ. ಗಂಟು ಮೊದಲಿನಂತೆ ಕಟ್ಟಿ ಗೂಡಿನಲ್ಲಿಟ್ಟೆ. ಆಗ ನನಗೆ ಒಂದಿಷ್ಟೂ ಪಶ್ಚಾತ್ತಾಪ ಆಗಲಿಲ್ಲ. ಮನೆಯ ಆಸ್ತಿ ಕಾಪಾಡಿದೆ ಎಂದೇ ಅನಿಸಿತು. ಜೊತೆಗೆ ನನ್ನನ್ನು ನಪಾಸು ಮಾಡಿದವರನ್ನು ನಾನೂ ಒಮ್ಮೆ ನಪಾಸು ಮಾಡಿದೆ ಎಂಬ ಖುಷಿಯೂ ಇತ್ತು.

ಪ್ರೊಫೆಸರು ಹೇಳಿದ ದಿನಕ್ಕೆ ಬಂದರು. ಊರಿನವರು ಕೊಟ್ಟ ಗುಬ್ಬಿ ತಿಂದ ತೆನೆಗಳನ್ನೂ ಅವರು ಭಕ್ತಿಯಿಂದಲೇ ಚೀಲಕ್ಕೆ ಹಾಕಿಕೊಂಡು ಚೀಟಿ ಕಟ್ಟಿದರು. ನಮ್ಮ ಮನೆಗೆ ಬಂದು ಕೈ ಚಾಚಿದರೆ ಅವ್ವ ಕೊಡಲಿಲ್ಲ.

"ಉಡಿ ಒಡ್ರಿ ಸಾಹೇಬ್ರ," ಎಂದಳು.

ಪ್ಯಾಂಟು ತೊಟ್ಟವರಿಗೆ ಉಡಿ ಎಲ್ಲಿಂದ ಬರಬೇಕು? ಅವರು ಅಂಗಿಯ ಮುಂಚುಂಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿ ತಲೆ ಬಗ್ಗಿಸಿ ನಿಂತರು. ಅವ್ವ ಗಂಟು ಬಿಚ್ಚಿ ತೆನೆಗಳನ್ನು ಅದರಲ್ಲಿಟ್ಟು, ಚಿಟಿಕೆ ಅರಿಷಿಣ ಹಾಕಿದಳು. "ನನ್ ತವರಿಂದು ಇದು. ಮಗಳಂಗ ನೋಡ್ಕೋರಿ," ಎಂದಳು.

"ಆಗಲಿ ತಾಯಿ. ಹೇಗಿದ್ದಾಳೆ ಅಂತ ಕಾಗದ ಬರೀತೇನೆ," ಎಂದರು ಅವರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ನಾಟಕ ಚೆನ್ನಾಗಿ ಆಡುತ್ತಾನೆ ಅಂದುಕೊಂಡೆ.

ಕಾಗದ ಬಂದೇ ಬಂತು. ಹಿಂಗಾರಿ ಬಿತ್ತಿಗೆ ಮುಗಿದ ಮೇಲೆ ಒಂದು ಕಾರ್ಡು, ಅದರ ಜೊತೆಗೆ ಒಂದು ಪಾರ್ಸಲ್ಲು. ಪಾರ್ಸಲ್ಲಿನಲ್ಲಿ ನನಗೆಂದು ಇಂಗ್ಲಿಷ್ ವ್ಯಾಕರಣದ ಪುಸ್ತಕ. ಅದರಲ್ಲೂ ಏನೋ ಹುನ್ನಾರವಿದೆ ಎಂದು ನಾನು ಅದನ್ನು ಬಿಚ್ಚಿ ಓದಲಿಲ್ಲ. ಕಾರ್ಡಿನಲ್ಲಿ ಹೀಗಿತ್ತು: ನಿಮ್ಮ ಮನೆಯ ಬೀಜ ಬಿತ್ತಿದೆವು, ಏಕೋ ಮೊಳೆಯಲಿಲ್ಲ, ಮಣ್ಣು ಒಗ್ಗಲಿಲ್ಲವೇನೋ, ಉಳಿದ ಕಾಳನ್ನು ಮುಂದಿನ ವರ್ಷ ಬೇರೆ ಕಡೆ ಬಿತ್ತಿ ನೋಡುತ್ತೇವೆ.

ಅವ್ವನಿಗೆ ಓದು ಬಾರದು. ಹೊಸ್ತಿಲ ಹತ್ತಿರ ಕೂತು, "ಏನ್ ಬರದಾರೋ?" ಎಂದಳು. ನಿಜ ಓದಿದ್ದರೆ ಮರುದಿನವೇ ಮತ್ತೈದು ತೆನೆ ಕಟ್ಟಿ ಕಳಿಸುವವಳೇ.

"ಮೊಣಕಾಲಮಟ ಬೆಳದೈತಂತ ಅವ್ವಾ. ಭಾಳ ಚಲೋ ಐತಂತ," ಎಂದು ಓದಿದೆ.

ಅವಳ ಮುಖ ಅರಳಿತು. ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ಮುಂದಿನ ವರ್ಷ ಇನ್ನೊಂದು ಕಾರ್ಡು: ಈ ಸಲವೂ ಮೊಳೆಯಲಿಲ್ಲ, ದಯವಿಟ್ಟು ಇನ್ನೊಂದು ಹಿಡಿ ಬೀಜ ಅಂಚೆಯಲ್ಲಿ ಕಳಿಸುವಿರಾ. ನೋಡು, ಇನ್ನೊಂದು ಹಿಡಿಗೆ ಕೈ ಚಾಚಿದ, ಇವರ ಹೊಟ್ಟೆ ಇಷ್ಟಕ್ಕೆ ತುಂಬುವುದಿಲ್ಲ ಎಂದುಕೊಂಡೆ. ಅವ್ವನಿಗೆ ಆಳೆತ್ತರದ ಬೆಳೆ ಓದಿ ಹೇಳಿದೆ. ಮೂರನೆಯ ಕಾರ್ಡಿನಲ್ಲಿಯೂ ಅದೇ ವಿನಂತಿ. ಅದನ್ನು ಓದುವಾಗ ತೆನೆಗಳನ್ನು ಅಂಗೈಯಗಲ ಮಾಡಿಬಿಟ್ಟೆ. ಮೂರೂ ಕಾರ್ಡುಗಳನ್ನು ಆ ವ್ಯಾಕರಣದ ಪುಸ್ತಕದಲ್ಲಿ ಸಿಕ್ಕಿಸಿಟ್ಟೆ. ಆಮೇಲೆ ಕಾರ್ಡು ಬರುವುದು ನಿಂತಿತು. ನನಗೂ ಲಗ್ನವಾಯಿತು, ಹೊಲ, ದನ ಅನ್ನುವುದರಲ್ಲಿ ಇದೆಲ್ಲ ಮರೆತೇ ಹೋಯಿತು.

ಇದಾಗಿ ಎರಡು ವರ್ಷಕ್ಕೆ ಬಿತ್ತಿಗೆಯ ಮುಂಚೆ ಹಸ್ತ ಮಳೆ ಹಿಡಿದು ಹೊಡೆಯಿತು. ನಮ್ಮ ಕಡೆಯ ಮಾಳಿಗೆ ಮನೆಗಳು ಮಣ್ಣಿನವು, ಮೂರು ದಿನ ಬಿಡದೆ ನೆನೆದರೆ ಕೂತುಬಿಡುತ್ತವೆ. ನಾವೆಲ್ಲ ಪಡಸಾಲೆಯಲ್ಲಿದ್ದಾಗ ಅಡುಗೆಮನೆಯ ಗೋಡೆ ಮಾಳಿಗೆ ಸಮೇತ ಒಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಜಂತಿಯಲ್ಲಿದ್ದ ತೆನೆ, ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಬೀಜ, ಎಲ್ಲ ಆ ಕೆಸರಿನ ಕೆಳಗೆ ಸೇರಿದವು. ಮಳೆ ನಿಂತು ಮಣ್ಣು ಸರಿಸುವಷ್ಟರಲ್ಲಿ ಅವು ಅಲ್ಲಿಯೇ ಮೊಳೆತಿದ್ದವು. ಕಾಳು ತುಂಬುವ ನೆಲಗುಳಿ ಹಗೇವಿನಲ್ಲಿದ್ದ ಜೋಳ ಒಳಗಿನ ಝಳಕ್ಕೆ ಸಿಕ್ಕದ್ದು, ರೊಟ್ಟಿಗೆ ಆಗುತ್ತಿತ್ತು, ಬೀಜಕ್ಕೆ ಆಗುತ್ತಿರಲಿಲ್ಲ. ಅಗರಖೇಡದ ಮಾವಂದಿರು ಆ ಜೋಳ ಬಿಟ್ಟು ಹತ್ತಿ ಹಿಡಿದು ಬಹಳ ಕಾಲವಾಗಿತ್ತು. ಊರಲ್ಲಿ ಅವ್ವನಿಂದ ಒಯ್ದವರ ಹೊಲದಲ್ಲಿ ಅದು ಬೆರಕೆಯಾಗಿ ಗುರುತು ಸಿಗದಂತಾಗಿತ್ತು.

ಕಾಕಾ ತಲೆಯ ಮೇಲೆ ಕೈ ಹೊತ್ತು ಕೂತ. ಅವ್ವ ಮಾತ್ರ ಗಾಬರಿಯಾಗಲಿಲ್ಲ.

"ಯಾಕ ಚಿಂತಿ ಮಾಡ್ತೀರಿ? ನನ್ ಮಗಳು ಯುನಿವರ್ಸಿಟ್ಯಾಗ ಅದಾಳಲ್ಲ. ಕಳಕೊಂಡವ್ರಿಗೆ ವಾಪಸ್ ಕೊಡ್ತೇವಂತ ಸಾಹೇಬ್ರು ಅಂದಿಲ್ಲೇನು? ನಡಿ ತಮ್ಮಾ, ನಾಳಿಗೆ ಹೋಗೂಣು," ಎಂದಳು.

ನಾನೊಬ್ಬನೇ ಹೋಗಿ ಬರುತ್ತೇನೆ ಎಂದೆ, ಕೇಳಲಿಲ್ಲ. ಬಿತ್ತಿಗೆಗೆ ತಡವಾಗುತ್ತದೆ, ಪೇಟೆಯಿಂದ ತರೋಣ ಎಂದೆ, ಅದೂ ನಡೆಯಲಿಲ್ಲ. ಅವಳು ಎಣ್ಣೆ ಹಚ್ಚಿದ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಗಡಿಗೆ ಕಟ್ಟಿಕೊಂಡಳು. ಇಷ್ಟೆಲ್ಲ ಯಾಕೆ ಎಂದರೆ, "ಮಗಳನ್ನ ಕೊಟ್ಟ ಮನಿಗಿ ಬರಿಗೈಲೆ ಹೋಗ್ತಾರೇನು?" ಎಂದಳು. ರೈಲಿನಲ್ಲಿ ಅವಳು ಕಿಟಕಿಯ ಹೊರಗೆ ಕಪ್ಪು ನೆಲ ನೋಡುತ್ತ ಕೂತರೆ ನಾನು ಮನಸ್ಸಿನಲ್ಲೇ ಆ ಪ್ರೊಫೆಸರಿಗೆ ವರ್ಗವಾಗಿರಲಿ ಎಂದು ಬೇಡಿಕೊಂಡೆ. ರಿಕಾರ್ಡು ಕಳೆದುಹೋಗಿರಲಿ ಎಂದೆ. ಆ ಜನರ ಬಗ್ಗೆ ನಾನು ಹಿಂದೆ ಹೇಳಿದ್ದೆಲ್ಲ ನಿಜವಾಗಲಿ ಎಂದು ಆವತ್ತು ದೇವರಿಗೆ ಹರಕೆ ಹೊತ್ತೆ.

ಒಂದೂ ನಿಜವಾಗಲಿಲ್ಲ. ಪ್ರೊಫೆಸರು ಅಲ್ಲಿಯೇ ಇದ್ದರು. ತಲೆ ನರೆತಿತ್ತು. ಹೊಲದ ಮೂಲೆಯ ಒಂದು ಉದ್ದನೆಯ ಕೋಣೆ, ಒಳಗೆ ಗೋಡೆಗೆ ತಾಗಿ ಕಟ್ಟಿಗೆಯ ಹಲಗೆ, ಹಲಗೆಯ ಮೇಲೆ ಸಾಲುಸಾಲು ತಗಡಿನ ಡಬ್ಬಿ. ಒಂದೊಂದು ಡಬ್ಬಿಗೂ ಊರಿನ ಚೀಟಿ. ಸಿಂದಗಿ ತಾಲೂಕಿನದು ಒಂದು ಕಡೆ, ಮುದ್ದೇಬಿಹಾಳದ್ದು ಇನ್ನೊಂದು ಕಡೆ. ನಮ್ಮೂರ ಗೌಡರು ಪಕ್ಕದವರ ಹೊಲದಿಂದ ಕೊಡಿಸಿದ ತೆನೆಯ ಸಂತಾನವೂ ಅಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಹೂವಿನ ಹಿಪ್ಪರಗಿಯ ಒಬ್ಬ ಮುದುಕರು ಹೋದ ವರ್ಷ ಬೀಜ ಕಳೆದುಕೊಂಡು ಬಂದು, ಇಲ್ಲಿಂದ ತಮ್ಮದನ್ನೇ ಒಯ್ದರಂತೆ.

ಅವರು ನಮ್ಮ ಗುರುತು ಹಿಡಿದರು. ಮೊದಲು ನನ್ನನ್ನೇ ಕೇಳಿದರು, "ಪುಸ್ತಕ ಬಂತಾ? ಪರೀಕ್ಷೆ ಕಟ್ಟಿದಿರಾ?" ನಾನು ತಲೆ ಅಲ್ಲಾಡಿಸಿದ್ದು ಹೌದೆಂದೋ ಇಲ್ಲವೆಂದೋ ನನಗೇ ತಿಳಿಯಲಿಲ್ಲ.

"ನನ್ ಮಗಳು ಎಲ್ಲದಾಳ್ರಿ?" ಎಂದಳು ಅವ್ವ, ಡಬ್ಬಿಗಳನ್ನು ನೋಡುತ್ತ.

ಪ್ರೊಫೆಸರ ಮುಖ ಸಪ್ಪಗಾಯಿತು. ಒಂದು ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ಚೀಟಿಯಲ್ಲಿ ತಾಂಬಾ ಎಂದಿತ್ತು. ಒಳಗೆ ಏನೂ ಇರಲಿಲ್ಲ. ಆಮೇಲೆ ವಹಿ ತೆಗೆದು ತೋರಿಸಿದರು. ನಾಲ್ಕು ಹಂಗಾಮು ಬಿತ್ತಿದ್ದರು. ಎರೆ ಮಣ್ಣಿನಲ್ಲಿ, ಕೆಂಪು ಮಣ್ಣಿನಲ್ಲಿ, ಕೊನೆಗೆ ಕುಂಡದಲ್ಲಿ, ಒದ್ದೆ ಬಟ್ಟೆಯಲ್ಲಿ. ನಾಲ್ಕೂ ಕಡೆ ಒಂದೇ ಮಾತು ಬರೆದಿತ್ತು: ಮೊಳೆಯಲಿಲ್ಲ.

"ಕ್ಷಮಿಸಿ ತಾಯಿ. ಏನು ತಪ್ಪು ಮಾಡಿದೆವೋ ಇವತ್ತಿಗೂ ಗೊತ್ತಾಗಲಿಲ್ಲ. ಗುಬ್ಬಿ ತಿಂದ ತೆನೆಗಳೂ ಮೊಳೆತವು, ಅಷ್ಟು ಒಳ್ಳೆ ಕಾಳು ಮೊಳೆಯಲಿಲ್ಲ ಅಂದರೆ ನಮ್ಮ ಕೈಯಲ್ಲೇ ದೋಷ. ಇನ್ನೊಂದು ಹಿಡಿ ಕಳಿಸಿ ಅಂತ ಎರಡು ಸಲ ಬರೆದೆ. ನೀವು ಬೇಸರ ಮಾಡಿಕೊಂಡಿರಿ ಅಂದುಕೊಂಡು ಆಮೇಲೆ ಸುಮ್ಮನಾದೆ," ಎಂದರು.

ಅವ್ವ ನನ್ನ ಕಡೆ ತಿರುಗಿದಳು. ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡೆ. ನಿಜ ಹೇಳುತ್ತೇನೆ, ಅಲ್ಲಿಯೇ ಕೆನ್ನೆಗೆ ಹೊಡೆದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಆದರೆ ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ.

"ನನ್ ಮನಸ್ಸಿಗಿ ನೋವಾಗತೈತಂತ ಈ ಹುಡುಗ ಚಲೋ ಬೆಳದೈತಂತ ಓದಿ ಹೇಳ್ಯಾನ್ರಿ," ಎಂದಳು ಪ್ರೊಫೆಸರಿಗೆ. "ನಿಮ್ದೇನೂ ತಪ್ಪಿಲ್ಲ ಸಾಹೇಬ್ರ. ನೀವು ಮಗಳಂಗ ನೋಡೀರಿ. ಆರಿಸಿದ್ದು ನನ್ ಕೈ. ನನ್ ಕೈಯಾಗಽ ಏನೋ ಕೇಡಿರಬೇಕು."

"ಛೆ, ಇಲ್ಲಮ್ಮಾ, ತಪ್ಪು ನಮ್ಮದೇ," ಎಂದರು ಅವರು. ಹೀಗೆ ಇಬ್ಬರೂ ಆ ತಪ್ಪನ್ನು ತಮ್ಮ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ತಪ್ಪು ಮಾಡಿದವನು ಅವರ ನಡುವೆ ಮೊಸರಿನ ಗಡಿಗೆ ಹಿಡಿದುಕೊಂಡು ನಿಂತಿದ್ದ.

ಕೊನೆಗೆ ಅವರು ಹೂವಿನ ಹಿಪ್ಪರಗಿಯ ಬೀಜ ತೆಗೆದರು. ಈ ಸಲ ಅವ್ವನೇ ಉಡಿ ಒಡ್ಡಿದಳು. ಅವರು ಎರಡೂ ಕೈಯಿಂದ ಸುರಿದರು. ಬಾಗಿಲವರೆಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ," ಎಂದರು.

ಸ್ಟೇಶನ್ನಿನ ಬೆಂಚಿನ ಮೇಲೆ ಸಂಜೆಯ ಗಾಡಿಗೆ ಕಾಯುತ್ತ ಕೂತಾಗ ನನಗೆ ಇನ್ನು ತಡೆಯಲಾಗಲಿಲ್ಲ. ಹಂಡೆ, ಕುದಿಯುವ ನೀರು, ಮಾಳಿಗೆಯ ಬಿಸಿಲು, ಪುಸ್ತಕದಲ್ಲಿ ಬಚ್ಚಿಟ್ಟ ಕಾರ್ಡು, ಒಂದನ್ನೂ ಬಿಡದೆ ಹೇಳಿದೆ. ಅವ್ವ ಉಡಿಯ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಹೇಳಿ ಮುಗಿದ ಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳು ಯಾರನ್ನಾದರೂ ಸಂಶಯದಿಂದ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸಾಕ್ ಬಿಡೋ ತಮ್ಮಾ. ಆವಾಗ ಚಲೋ ಬೆಳದೈತಂತ ಸುಳ್ಳ ಓದಿದಿ. ಈಗ ನನಗ ಸಮಾಧಾನ ಆಗಲಂತ ತಪ್ಪ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ನನಗ ತಿಳಿಯೂದಿಲ್ಲೇನು?"

ಆಣೆ ಮಾಡಿ ಹೇಳಿದೆ. ಆಣೆ ಮಾಡಬೇಡ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಮನೆಗೆ ಬಂದು ಪುಸ್ತಕ ತೆಗೆದು ಮೂರು ಕಾರ್ಡೂ ಅವಳ ಮುಂದೆ ಹರವಿದೆ. ಓದು ಬಾರದವಳಿಗೆ ಅವು ಏನು ಹೇಳಿಯಾವು? ಓದಿ ಹೇಳುವವನು ನಾನೇ ಆಗಿದ್ದೆ.

ಹಿಪ್ಪರಗಿಯ ಬೀಜ ಚೆನ್ನಾಗಿಯೇ ಬಂತು. ಮಾಘದಲ್ಲಿ ಕೊಯ್ಲಿಗೆ ಮೊದಲು ಕಾಕಾ, "ವೈನಿ, ಬೀಜದ ತೆನಿ ಆರಿಸಾಕ ಯಾವತ್ತ ಬರ್ತೀರಿ?" ಎಂದು ಕೇಳಿದ. ಅವ್ವ ನನ್ನ ಹೆಂಡತಿಯನ್ನು ಕರೆದು ತನ್ನ ಏಣಿ ತೋರಿಸಿದಳು, ಹೊಸದಾಗಿ ಕಟ್ಟಿದ ಅಡುಗೆಮನೆಯ ಜಂತಿ ತೋರಿಸಿದಳು, ಕಾಳನ್ನು ಹೇಗೆ ಒತ್ತಿ ನೋಡಬೇಕೆಂದು ಹೇಳಿಕೊಟ್ಟಳು. ನೀನೇ ಹೋಗು ಅವ್ವಾ ಎಂದು ನಾನು ಕಾಲು ಹಿಡಿಯುವಷ್ಟು ಬೇಡಿಕೊಂಡೆ. ಅವಳು ಎರಡೂ ಅಂಗೈ ನನ್ನ ಮುಂದೆ ತೆರೆದು ಹಿಡಿದಳು.

"ಈ ಕೈ ಬ್ಯಾಡಪಾ," ಎಂದಳು.